ಎರಡು ತಿಂಗಳ ಬ್ಯಾಂಡಿನ ಹಮ್ಮಿಂಗ್

ಆ ಮೊದಲ ಶನಿವಾರದ ವಿಷಯದಲ್ಲಿ ನನ್ನ ನೆನಪಿಗೂ ಡೈರಿಗೂ ಹೊಂದಾಣಿಕೆಯಾಗುವುದಿಲ್ಲ. ನೆನಪಿನಲ್ಲಿ ಜೋರು ಮಳೆ, ಕಿಟಕಿಯ ಗಾಜಿನ ಮೇಲೆ ಇಳಿಯುವ ನೀರು, ಕೆಳಗೆ ಮಣಿಪಾಲದ ರಸ್ತೆಯಲ್ಲಿ ಕೊಡೆಗಳು. ಡೈರಿಯಲ್ಲಿ ಮಳೆಯ ಸುದ್ದಿಯೇ ಇಲ್ಲ. ಅಲ್ಲಿರುವುದು ಎರಡು ವಾಕ್ಯ: "ಗಾಯಕರು ಚೆನ್ನಾಗಿ ಹಾಡಿದರು. ಹಮ್ಮಿಂಗ್ ತೆಗೆಯಲೇಬೇಕು." ಒಂದರ ಕೆಳಗೆ ಒಂದು ಬರೆದ ಆ ವಾಕ್ಯಗಳಿಗೆ ಪರಸ್ಪರ ಸಂಬಂಧ ಇರಬಹುದೆಂದು ಆಗ ನನಗೆ ಹೊಳೆದಿರಲಿಲ್ಲ.

ನಾನು ಪಬ್ಬುಗಳಲ್ಲಿ, ಬೀಚ್ ರೆಸ್ಟೋರೆಂಟುಗಳಲ್ಲಿ ಹಾಡುವ ಸಣ್ಣ ಬ್ಯಾಂಡುಗಳಿಗೆ ಸೌಂಡ್ ಮಾಡುವವಳು. ಮಿಕ್ಸರ್ ನನ್ನದು, ಸ್ಪೀಕರುಗಳು ಬಾಡಿಗೆಯವು. ವೇದಿಕೆಯ ನೇರ ಎದುರಿಗೆ, ಹಿಂದಿನ ಗೋಡೆಗೆ ತಾಗಿ ನನ್ನ ಜಾಗ. ಮಣಿಪಾಲದ ಆ ಪಬ್ಬಿನಲ್ಲಿ ಅದು ಟಾಯ್ಲೆಟ್ಟಿನ ಬಾಗಿಲ ಪಕ್ಕ. ಇಡೀ ಸಂಜೆ ಅಪರಿಚಿತರು ನನ್ನೊಡನೆ ಆಡುವ ಮಾತು ಹೆಚ್ಚಾಗಿ ಒಂದೇ: "ಮೇಡಂ, ಟಾಯ್ಲೆಟ್ ಇದೇನಾ?" ಸೌಂಡ್ ಚೆನ್ನಾಗಿದ್ದರೆ ಸೌಂಡಿನವಳು ಇದ್ದಾಳೆ ಎಂಬುದೇ ಯಾರಿಗೂ ಗೊತ್ತಾಗಬಾರದು. ಕೆಲಸ ಹಿಡಿದ ಹೊಸದರಲ್ಲಿ ಇದನ್ನು ದೊಡ್ಡ ತತ್ವವೆಂಬಂತೆ ಗೆಳತಿಯರಿಗೆ ಹೇಳುತ್ತಿದ್ದೆ. ಈಗ ಹೇಳುವುದಿಲ್ಲ. ಹೇಳಲು ಗೆಳತಿಯರೂ ಹತ್ತಿರದಲ್ಲಿಲ್ಲ.

ಈ ಬ್ಯಾಂಡಿನ ಆಯುಷ್ಯ ವರ್ಷಕ್ಕೆ ಎರಡೇ ತಿಂಗಳು. ಗಾಯಕರು ಹೆಜಮಾಡಿಯವರು, ಆಳಸಮುದ್ರದ ಬೋಟಿನಲ್ಲಿ ಚುಕ್ಕಾಣಿ ಹಿಡಿಯುವವರು, ನನಗಿಂತ ಹಿರಿಯರು. ಮಳೆಗಾಲದಲ್ಲಿ ಮೀನುಗಾರಿಕೆಗೆ ನಿಷೇಧ ಬಿದ್ದು ಬೋಟುಗಳು ಮಲ್ಪೆಯಲ್ಲಿ ಸಾಲಾಗಿ ಕಟ್ಟಿಕೊಂಡಾಗ ಮಾತ್ರ ಅವರು ನೆಲದ ಮೇಲಿರುತ್ತಾರೆ. ಆ ಎರಡು ತಿಂಗಳನ್ನು ಇಲ್ಲಿ ಎಲ್ಲರೂ 'ಬ್ಯಾನ್' ಎನ್ನುವುದು. ಪೆಟ್ಟಿಗೆಯಂಥ ಕಹೋನಿನ ಮೇಲೆ ಕುಳಿತು ತಾಳ ಬಾರಿಸುವವನು ಗದಗದ ಕಡೆಯವನು, ಟೈಲ್ಸ್ ಕೂರಿಸುವ ಕೆಲಸ. ಮಳೆಯಲ್ಲಿ ಅವನಿಗೂ ಕೆಲಸ ಕಡಿಮೆ. ಗಿಟಾರಿನವನು ಶಂಕರಪುರದವನು, ಇಗರ್ಜಿಯ ಕಾಯಿರ್‌ನಲ್ಲಿ ನುಡಿಸಿ ಕಲಿತವನು. ಅವನು ಬೆಳೆದು ಮಾರುವ ಮಲ್ಲಿಗೆಗೂ ಮಳೆಗಾಲದಲ್ಲಿ ಹೂವು ಅಷ್ಟಕ್ಕಷ್ಟೆ. ಹೀಗೆ ಮಳೆ ಕೆಲಸವಿಲ್ಲದೆ ಕೂರಿಸಿದ ಮೂವರು. ಗಿಟಾರಿನವನೂ ಗಾಯಕರೂ ತಮ್ಮೊಳಗೆ ತುಳು ಮಾತಾಡುವುದು. ಗದಗದವನು ಜೊತೆಗಿದ್ದರೆ ಅವನಿಗಾಗಿ ಕನ್ನಡಕ್ಕೆ ಬರುತ್ತಿದ್ದರು.

ಅವರು ಸಿನಿಮಾ ಹಾಡುಗಳನ್ನೂ ಹಾಡುತ್ತಿದ್ದರು, ಎಲ್ಲರ ಹಾಗೆ. ಆದರೆ ಗಾಯಕರು ತಾವೇ ಕಟ್ಟಿದ ತುಳು ಹಾಡುಗಳು ನಾಲ್ಕೈದಿದ್ದವು. ಅದರಲ್ಲಿ ಒಂದನ್ನು ನಾವು ಟವರ್ ಹಾಡು ಎನ್ನುತ್ತಿದ್ದೆವು. ಬೋಟು ಪಡುವಣಕ್ಕೆ ಹೋಗುತ್ತಾ ಹೋಗುತ್ತಾ ಒಂದು ಜಾಗದಲ್ಲಿ ಫೋನಿನ ಟವರ್ ಮುಗಿಯುತ್ತದೆ. ಅಲ್ಲಿಗೆ ಮುಟ್ಟುವ ಸ್ವಲ್ಪ ಮೊದಲು ಎಲ್ಲರೂ ಒಬ್ಬರ ಹಿಂದೊಬ್ಬರು ಕ್ಯಾಬಿನ್ನಿನ ಮೇಲೆ ಹತ್ತಿ ಮನೆಗೆ ಫೋನ್ ಮಾಡುತ್ತಾರೆ. ಕೊನೆಗೆ ಹತ್ತಿದವನಿಗೆ ಹೆಂಡತಿಯ ಮಾತು ಅರ್ಧ ಮಾತ್ರ ಕೇಳಿಸುತ್ತದೆ. ಉಳಿದ ಅರ್ಧವನ್ನು ಅವನು ವಾಪಸು ಬರುವ ತನಕ ತಾನೇ ಊಹಿಸುತ್ತಿರಬೇಕು. ಅಷ್ಟೇ ಹಾಡು. ಅದು ಶುರುವಾಗುವುದು ವಾದ್ಯವಿಲ್ಲದೆ, ಬರೀ ಗಂಟಲಿನಿಂದ: ಒಂದು ಬೋಟಿನವರು ಇನ್ನೊಂದು ಬೋಟನ್ನು ಕೂಗಿ ಕರೆಯುವ ಹಾಗೆ ಒಂದು ಉದ್ದದ "ಓ", ಅದರ ಹಿಂದೆ ಎರಡು ಸಾಲು ಮಾತು. ಆಮೇಲೆ ಗಿಟಾರ್ ಸೇರಿಕೊಳ್ಳುತ್ತದೆ.

ಮೊದಲ ಶನಿವಾರ ಆ ಹಾಡು ಚೆನ್ನಾಗಿಯೇ ನಡೆಯಿತು. ತುಳು ಗೊತ್ತಿಲ್ಲದ ವಿದ್ಯಾರ್ಥಿಗಳ ಮೇಜುಗಳಲ್ಲೂ ಕೆಲವು ತಲೆಗಳು ತಿರುಗಿದವು. ಕೆಟ್ಟದಾಗಿದ್ದದ್ದು ಹಮ್ಮಿಂಗ್. ಸ್ಪೀಕರಿನೊಳಗೆ ದುಂಬಿ ಸಿಕ್ಕಿಹಾಕಿಕೊಂಡ ಹಾಗೆ ಒಂದೇ ಸಮನೆ ಮೊರೆಯುವ ಶಬ್ದ. ಕರೆಂಟಿನ ಅರ್ತಿಂಗ್ ಸರಿಯಿಲ್ಲದ ಕಡೆ ನಮ್ಮ ಕೆಲಸದಲ್ಲಿ ಎದುರಾಗುವ ಹಳೆಯ ಕಾಟ. ಹಾಡುಗಳ ನಡುವೆ ಅದು ಎದ್ದು ಕೇಳುತ್ತಿತ್ತು. ಕಾರ್ಯಕ್ರಮ ಮುಗಿದು ನಾನು ವಯರ್ ಸುತ್ತುತ್ತಿದ್ದಾಗ ಮ್ಯಾನೇಜರ್ ಬಂದರು.

"ಎಂತ ಮೇಡಂ, ನಮ್ಮ ಫ್ರಿಜ್ ಸಹ ಹಾಡ್ತಾ ಉಂಟಾ ಇವತ್ತು?"

"ಮುಂದಿನ ವಾರಕ್ಕೆ ಸರಿ ಮಾಡ್ತೇನೆ ಸರ್."

"ಮಾಡಿ. ಬ್ಯಾನ್ ಮುಗಿಯುವ ತನಕ ಶನಿವಾರ ನಿಮಗೆ ಕೊಟ್ಟಿದ್ದೇನೆ, ಅದು ಕ್ಲೀನ್ ಆಗಿ ಇರ್ಬೇಕು. ಇಲ್ಲಾಂದ್ರೆ ಡಿ.ಜೆ.ಯವ ರೆಡಿ ಇದ್ದಾನೆ. ಅವನಿಗೆ ಒಂದು ಪೆನ್ ಡ್ರೈವ್ ಸಾಕು ಮಾರಾಯ್ರೆ."

ಅವರು ಅತ್ತ ಹೋದ ಮೇಲೆ ಗದಗದವನು ತನ್ನ ಪೆಟ್ಟಿಗೆಯನ್ನು ಚೀಲಕ್ಕೆ ತುರುಕುತ್ತಾ ಕೇಳಿದ: "ಅಕ್ಕಾರ, ನಾ ಹಂಗಾರ ಪೆನ್ ಡ್ರೈವ್ ಮ್ಯಾಲೆ ಕುಂತು ಬಾರಸ್ಲೇನ್ರಿ?"

ಮರುವಾರ ಒಂದು ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಹಮ್ಮಿಂಗ್ ಬೇಟೆಗೆ ಹೋದೆ. ಇದಕ್ಕೊಂದು ಕ್ರಮವಿದೆ. ಮೊದಲು ಎಲ್ಲವನ್ನೂ ಬಿಚ್ಚಿ, ಸ್ಪೀಕರನ್ನು ಮಾತ್ರ ಚಾಲೂ ಮಾಡಬೇಕು. ಶಬ್ದವಿಲ್ಲ. ಮಿಕ್ಸರಿನ ವಯರ್ ಸಿಕ್ಕಿಸಬೇಕು. ಬಂತು. ಅಂದರೆ ದೋಷ ಸ್ಪೀಕರಿನದಲ್ಲ, ಸ್ಪೀಕರಿಗೂ ಮಿಕ್ಸರಿಗೂ ನಡುವಿನದು. ನನ್ನ ಮಿಕ್ಸರ್ ಕೌಂಟರಿನ ಪಕ್ಕದ ಪ್ಲಗ್ಗಿನಲ್ಲಿತ್ತು. ಅದೇ ಲೈನಿನಲ್ಲಿ ಬಿಯರಿನ ಫ್ರಿಜ್ಜುಗಳು, ಐಸ್ ಮೆಷಿನ್ನು. ವೇದಿಕೆಯ ಪ್ಲಗ್ಗಿಗೆ ಬೇರೆ ಲೈನು, ಬೇರೆ ಅರ್ತು. ಎರಡು ಅರ್ತುಗಳು ನನ್ನ ವಯರಿನ ಮೂಲಕ ಕೈಹಿಡಿದುಕೊಂಡಾಗ ಕರೆಂಟಿನ ಮಿಡಿತ ಸ್ಪೀಕರಿಗೆ ಬರುತ್ತದೆ.

ಕಟ್ಟಡದ ಇಲೆಕ್ಟ್ರಿಷನ್ ಏಣಿಯ ಮೇಲಿನಿಂದಲೇ ಪರಿಹಾರ ಹೇಳಿದರು. "ಪ್ಲಗ್ಗಿನ ಅರ್ತ್ ಪಿನ್ ಕಟ್ ಮಾಡಿ ಬಿಸಾಡಿ ಮೇಡಂ. ಮದುವೆ ಹಾಲಿನಲ್ಲೆಲ್ಲ ಹಾಗೇ ಮಾಡುವುದು."

"ನಮ್ಮ ಗಾಯಕರು ಬರಿಗಾಲಲ್ಲಿ ನಿಲ್ಲುವುದು. ಮಳೆಯಲ್ಲಿ ನೆಂದು ಬಂದು ಮೈಕ್ ಹಿಡಿಯುವುದು."

"ಚಪ್ಪಲಿ ಹಾಕ್ಲಿಕ್ಕೆ ಹೇಳಿ."

ಗಾಯಕರು ಚಪ್ಪಲಿ ಹಾಕುವವರಲ್ಲ. ಕಾಲಡಿಗೆ ಹಲಗೆ ತಾಗದಿದ್ದರೆ ನಿಂತ ಹಾಗೇ ಆಗುವುದಿಲ್ಲ ಎಂದು ಮೊದಲೇ ಹೇಳಿದ್ದರು. ಪಿನ್ ಕತ್ತರಿಸಲು ನಾನು ಒಪ್ಪಲಿಲ್ಲ. ಬದಲಿಗೆ ಎರಡು ಐಸೊಲೇಶನ್ ಬಾಕ್ಸ್ ತಂದೆ: ಒಂದು ಜನರ ಕಡೆ ಮುಖಮಾಡಿದ ದೊಡ್ಡ ಸ್ಪೀಕರುಗಳ ವಯರಿಗೆ, ಇನ್ನೊಂದು ಗಾಯಕರ ಕಾಲ ಬಳಿ ಇರುವ ಮಾನಿಟರಿಗೆ. ಮಾನಿಟರ್ ಎಂದರೆ ಅವರಿಗೆ ಅವರದೇ ಧ್ವನಿ ಕೇಳಿಸುವ ಸಣ್ಣ ಸ್ಪೀಕರು. ಬಾಕ್ಸಿನ ಬದಿಯಲ್ಲಿ ಉಗುರಿನಷ್ಟು ಸಣ್ಣ ಸ್ವಿಚ್ಚು. ಅದನ್ನು ಒತ್ತಿದರೆ ವಯರಿನೊಳಗಿನ ಅರ್ತುಗಳು ಕೈಬಿಡುತ್ತವೆ. ಪ್ಲಗ್ಗಿನ ಅರ್ತು ಇದ್ದಲ್ಲೇ ಇರುತ್ತದೆ, ಯಾರಿಗೂ ಅಪಾಯವಿಲ್ಲ. ಒತ್ತಿದೆ. ದುಂಬಿ ಸತ್ತಿತು.

ಶಬ್ದದ ಕೆಲಸದಲ್ಲಿ ನನಗೆ ಸಿಗುವ ಅತಿ ದೊಡ್ಡ ಖುಷಿ ಇಂಥ ನಿಶ್ಶಬ್ದವೇ. ಸದ್ದು ಏರಿಸಿಳಿಸುವ ಫೇಡರನ್ನು ಮೇಲಿನ ತನಕ ತಳ್ಳಿದರೂ ಸ್ಪೀಕರಿನಲ್ಲಿ ಉಸಿರಿನಷ್ಟೂ ಸದ್ದಿಲ್ಲ. ಯಾರಿಗಾದರೂ ತೋರಿಸಬೇಕೆನ್ನಿಸಿತು. ಮ್ಯಾನೇಜರನ್ನು ಕರೆದು "ಕೇಳಿ ಸರ್" ಎಂದೆ. ಅವರು ಸ್ವಲ್ಪ ಹೊತ್ತು ನಿಂತು "ಎಂತ ಕೇಳುವುದು?" ಎಂದರು. "ಅದೇ," ಎಂದೆ. ಏನೂ ಇಲ್ಲದ್ದನ್ನು ತೋರಿಸುವುದು ಕಷ್ಟ.

ಎರಡನೆಯ ಶನಿವಾರ ಸಿನಿಮಾ ಹಾಡುಗಳು ಸಲೀಸಾಗಿ ಹೋದವು. ಆಮೇಲೆ ಟವರ್ ಹಾಡು. ಉದ್ದದ "ಓ" ಸರಿಯಾದ ಜಾಗದಲ್ಲೇ ಶುರುವಾಯಿತು. ಮೊದಲ ಸಾಲು ಬಂತು. ಎರಡನೆಯ ಸಾಲಿನಲ್ಲಿ ನನಗೆ ಏನೋ ಇಳಿಯುತ್ತಿದೆ ಎನ್ನಿಸಿತು, ಆದರೆ ಹೋಲಿಸಿ ನೋಡಲು ಬೇರೆ ಸ್ವರವಿರಲಿಲ್ಲ. ಗಿಟಾರ್ ಸೇರಿದ ಕ್ಷಣಕ್ಕೆ ಎಲ್ಲರಿಗೂ ಗೊತ್ತಾಯಿತು. ಎರಡು ಸ್ವರಗಳು ಒಂದಕ್ಕೊಂದು ಉಜ್ಜಿಕೊಂಡವು. ಗಾಯಕರು ಮೇಲೇರಲು ನೋಡಿದರು, ಗಿಟಾರಿನವನು ಅವರಿಗಾಗಿ ಬೆರಳು ಕೆಳಗಿಳಿಸಿದ, ಇಬ್ಬರೂ ದಾರಿಯಲ್ಲಿ ತಪ್ಪಿಹೋದರು. ಮುಂದಿನ ಮೇಜಿನಲ್ಲಿ ಒಬ್ಬ ನಕ್ಕ. ಹಾಡಿಗೇ ನಕ್ಕನೋ, ತನ್ನ ಫೋನಿಗೆ ನಕ್ಕನೋ ನನಗೆ ಖಚಿತವಿಲ್ಲ. ಗಾಯಕರಿಗೆ ಖಚಿತವಿತ್ತು. ಹಾಡನ್ನು ಅರ್ಧಕ್ಕೆ ನಿಲ್ಲಿಸಿ "ಸಾರಿ" ಎಂದರು. ಮ್ಯಾನೇಜರ್ ಕೌಂಟರಿನಿಂದಲೇ, ಪುಟ ಮಗುಚುವವರ ಹಾಗೆ ಕೈ ತಿರುಗಿಸಿದರು: ಸಿನಿಮಾ ಹಾಡು ಹಾಕಿ.

"ನನ್ನದೇ ತಪ್ಪು. ಗಂಟಲು ಸರಿ ಇರಲಿಲ್ಲ ಇವತ್ತು," ಎಂದರು ಗಾಯಕರು, ಹೊರಗೆ ಮೆಟ್ಟಿಲ ಬಳಿ.

"ಗಂಟಲಲ್ಲ ಮಾರಾಯ, ನೀನು ಇಳಿದುಬಿಟ್ಟೆ," ಎಂದ ಗಿಟಾರಿನವನು. "ನಾನು ಬಂದು ನೋಡಿದರೆ ನೀನು ಅಲ್ಲಿ ಇರಲೇ ಇಲ್ಲ."

"ಮತ್ತೆ ಎಲ್ಲಿದ್ದೆ?"

"ಹೆಜಮಾಡಿಯಲ್ಲಿ."

ಗದಗದವನು ನಕ್ಕ. ಗಾಯಕರೂ ನಗಲು ನೋಡಿದರು.

ಆಮೇಲೆ ಪಬ್ಬಿನ ವೇದಿಕೆಯಲ್ಲೇ, ಸೌಂಡ್ ಚೆಕ್ಕಿನ ಹೊತ್ತಿಗೆ, ನಾವು ಎಲ್ಲವನ್ನೂ ಮಾಡಿ ನೋಡಿದೆವು. ಹಾಡಿಗೆ ಮೊದಲು ಗಿಟಾರಿನವನು ಸ್ವರ ಕೊಟ್ಟ. ಗಾಯಕರು ಅದನ್ನು ಹಿಡಿದೇ ಶುರುಮಾಡಿದರು, ಎರಡನೆಯ ಸಾಲಿನ ಹೊತ್ತಿಗೆ ಮತ್ತೆ ಇಳಿದರು. ಗಿಟಾರಿನವನು ಉದ್ದಕ್ಕೂ ಒಂದೇ ತಂತಿ ಮೀಟುತ್ತಾ ಹೋದ. ಗಾಯಕರು ಆ ಮೀಟಿಗೆ ಹೆಜ್ಜೆ ಹಾಕತೊಡಗಿ, ಕೂಗು ಕವಾಯತಾಯಿತು. ನಾನು ಫೋನಿನಲ್ಲಿ ತಂಬೂರಿಯ ಶ್ರುತಿ ಹಾಕಿ ಮಾನಿಟರಿಗೆ ಕೊಟ್ಟೆ. ಅವರು ಸ್ವಲ್ಪ ಹೊತ್ತು ಕೇಳಿ, "ಇದೆಂತ ಅಕ್ಕ, ಭಜನೆಗೆ ಕೂತ ಹಾಗೆ ಆಗ್ತದೆ. ಕೈ ಮುಗೀಬೇಕು ಅಂತ ಕಾಣ್ತದೆ," ಎಂದರು. ವಯಸ್ಸಿನಲ್ಲಿ ಹಿರಿಯರಾದರೂ ಅವರು ನನ್ನನ್ನು ಅಕ್ಕ ಎನ್ನುವುದು, ನಾನು ಅವರನ್ನು ಅಣ್ಣ ಎನ್ನುವುದು. ವಿಚಿತ್ರವೆಂದರೆ ಶಂಕರಪುರದಲ್ಲಿ, ಗಿಟಾರಿನವನ ಮನೆಯ ಹಿಂದಿನ ಕೋಣೆಯಲ್ಲಿ ಅವರ ಪ್ರಾಕ್ಟೀಸ್ ಒಂದು ದಿನವೂ ಕೆಟ್ಟಿರಲಿಲ್ಲವಂತೆ. ಹಾಗಾಗಿ ಇದು ಸಭಾಕಂಪ ಎಂದು ಎಲ್ಲರೂ ತೀರ್ಮಾನಿಸಿದೆವು. ಮುಂದಿನ ಎರಡು ಶನಿವಾರ ಮ್ಯಾನೇಜರ್ ಹೇಳಿದ ಹಾಗೆ ಬರೀ ಸಿನಿಮಾ ಹಾಡು. ಅವರು ತಪ್ಪಿಲ್ಲದೆ ಹಾಡಿದರು. ಯಾರೂ ತಲೆ ತಿರುಗಿಸಲಿಲ್ಲ.

ನಡುವೆ ಒಂದು ಭಾನುವಾರ ಕಾಪುವಿನಲ್ಲಿ, ಬೀಚಿನ ಬಳಿಯ ರೆಸ್ಟೋರೆಂಟಿನಲ್ಲಿ ಹಾಡಿದೆವು. ತಗಡಿನ ಮಾಡು. ನಾವು ಶುರುಮಾಡಿದ್ದೇ ಮಳೆಯೂ ಶುರುವಾಯಿತು. ತಗಡಿನ ಮೇಲೆ ಬೀಳುವ ಮಳೆ ಮಾತಿನ ಅಕ್ಷರಗಳನ್ನೆಲ್ಲ ನುಂಗುತ್ತದೆ. ಮೈಕ್ ಏರಿಸಿದರೆ ಸ್ಪೀಕರ್ ಕಿರುಚುತ್ತದೆ, ಇಳಿಸಿದರೆ ಮಳೆಯೇ ಗಾಯಕ. ಅಷ್ಟರಲ್ಲಿ ಕರೆಂಟು ಹೋಗಿ, ಹಿಂದಿನ ಶೆಡ್ಡಿನಲ್ಲಿ ಡೀಸೆಲ್ ಜನರೇಟರ್ ಹಾಕಿದರು. ಅದರ ಗುಡುಗುಡು ನೆಲದ ಮೂಲಕ ನನ್ನ ಕುರ್ಚಿಗೆ ಬರುತ್ತಿತ್ತು. ಹೇಗೋ ಮುಗಿಸಿದೆ. ನನ್ನ ಕೆಲಸದಲ್ಲೇ ಅತಿ ಕೆಟ್ಟ ಸಂಜೆ ಅದು ಎಂದುಕೊಂಡು ಮನೆಗೆ ಬಂದೆ.

ಅದಾದ ಮೇಲೆ ಕಾರ್ಕಳ. ಬಾರಿನ ಮೇಲಿನ ಫ್ಯಾಮಿಲಿ ಹಾಲು, ಗೋಡೆಗೆ ಪರದೆ, ನೆಲಕ್ಕೆ ಕಾರ್ಪೆಟ್, ಮಳೆಯ ಸದ್ದೂ ಒಳಗೆ ಬರುವುದಿಲ್ಲ. ಸೌಂಡಿನವಳಿಗೆ ಸ್ವರ್ಗ. ಗಾಯಕರು ಧೈರ್ಯಮಾಡಿ ಟವರ್ ಹಾಡು ಎತ್ತಿಕೊಂಡರು. ಈ ಸಲ ಎರಡನೆಯ ಸಾಲಿಗೂ ಕಾಯಬೇಕಾಗಲಿಲ್ಲ. ಗಿಟಾರಿನವನು ಕೈಯನ್ನು ತಂತಿಯ ಮೇಲೆ ಇಟ್ಟುಕೊಂಡೇ ಕುಳಿತ, ನುಡಿಸಲಿಲ್ಲ. ಗಾಯಕರು ಒಬ್ಬರೇ ಕೊನೆಯ ತನಕ ಹಾಡಿ ಮುಗಿಸಿದರು. ಅಷ್ಟು ಸ್ವಚ್ಛವಾದ ಹಾಲಿನಲ್ಲಿ ಅಷ್ಟು ಒಂಟಿಯಾದ ಧ್ವನಿಯನ್ನು ನಾನು ಮುಂಚೆ ಕೇಳಿರಲಿಲ್ಲ.

ವಾಪಸು ಬರುವಾಗ ಗೂಡ್ಸ್ ಆಟೋದಲ್ಲಿ ಸ್ಪೀಕರುಗಳ ನಡುವೆ ಕುಳಿತಿದ್ದೆವು. ಗಾಯಕರು ಹೊರಗೆ ನೋಡುತ್ತಾ ಹೇಳಿದರು: "ಈ ಬ್ಯಾನ್ ಮುಗಿಯುವ ತನಕ ಸಿನಿಮಾ ಹಾಡು ಹಾಡ್ತೇನೆ, ಮಾತು ಕೊಟ್ಟಾಗಿದೆ. ಬರುವ ವರ್ಷ ನನ್ನನ್ನು ಕರೀಬೇಡಿ. ಸ್ವಂತ ಹಾಡೆಲ್ಲ ನೀರಿನ ಮೇಲೆ ಆಗ್ತದೆ. ನೆಲದ ಮೇಲೆ ಆಗುವುದಲ್ಲ ಅದು."

ಸ್ವಲ್ಪ ದೂರ ಹೋದ ಮೇಲೆ ಗದಗದವನು, "ಅಣ್ಣಾ, ಹಂಗಾರ ನಾವೂ ಬೋಟಿಗೆ ಬರ್ತೀವಿ ತಗೋರಿ. ನನಗ ಈಜು ಬರಂಗಿಲ್ಲ, ಪೆಟಿಗಿ ತೇಲ್ತೈತಿ," ಎಂದ. ಅವನ ಮಾತಿಗೆ ಆ ದಿನ ಯಾರೂ ನಗಲಿಲ್ಲ. ಅವನಿಗೂ ನಗು ಬೇಕಿರಲಿಲ್ಲ ಎಂದು ಕಾಣುತ್ತದೆ.

ನನ್ನ ಬಾಡಿಗೆ ಮನೆ ಪೆರ್ಡೂರಿನ ದಾರಿಯಲ್ಲಿದೆ. ಕೆಲಸವಿಲ್ಲದ ದಿನ ಅಲ್ಲಿ ಗೇಟಿನ ಸದ್ದು ಬಿಟ್ಟರೆ ಮನುಷ್ಯರ ಸದ್ದಿಲ್ಲ. ಹಾಗೊಂದು ಮಧ್ಯಾಹ್ನ ರೆಕಾರ್ಡಿಂಗ್ ಕೇಳುತ್ತಾ ಕುಳಿತೆ. ಪ್ರತಿ ಕಾರ್ಯಕ್ರಮವನ್ನೂ ಮಿಕ್ಸರಿನ ಪಕ್ಕ ಸಣ್ಣ ರೆಕಾರ್ಡರ್ ಇಟ್ಟು ಹಿಡಿದುಕೊಳ್ಳುವುದು ನನ್ನ ಅಭ್ಯಾಸ. ಮುಖ್ಯ ಕಾರಣ, ನನ್ನ ನೆನಪನ್ನು ನಾನು ನಂಬುವುದಿಲ್ಲ. ಕಾರ್ಕಳದ್ದು ಎಷ್ಟು ಕೆಟ್ಟಿತ್ತೆಂದು ನೋಡಲು ಹೊರಟಿದ್ದೆ. ಮುಖ ತೊಳೆದು ಬರುವಷ್ಟರಲ್ಲಿ ಹಿಂದಿನ ಫೈಲು, ಕಾಪುವಿನದು, ತಾನೇ ಓಡುತ್ತಿತ್ತು. ಮಳೆ, ಜನರೇಟರು, ನನ್ನ ಹತೋಟಿ ತಪ್ಪಿದ ಕಿರುಚಾಟ. ಅದರ ನಡುವೆ ಟವರ್ ಹಾಡು. ಅವರು ಅದನ್ನು ಕಾಪುವಿನಲ್ಲೂ ಹಾಡಿದ್ದರು ಎಂಬುದೇ ನನಗೆ ಮರೆತುಹೋಗಿತ್ತು. ಗಿಟಾರ್ ಬಂದು ಸೇರುವ ಜಾಗ ಬಂತು. ಅದು ಹೋಗಿ ಕೂತದ್ದು ಸರಿಯಾದ ಸ್ವರದ ಮೇಲೆ, ಒಂದು ಕೂದಲಿನಷ್ಟೂ ಆಚೀಚೆ ಇಲ್ಲದೆ. ಆ ಗದ್ದಲದಲ್ಲಿ ಹಾಡಿದವರಿಗೂ ಅದು ಗೊತ್ತಾಗಿರಲಿಕ್ಕಿಲ್ಲ.

ನಾನು ನೆನಪಿಟ್ಟುಕೊಂಡದ್ದು ನನ್ನ ಕೈಗಳು ಸೋತದ್ದನ್ನು ಮಾತ್ರ. ಅವರು ಹಾಡಿದ್ದನ್ನು ಕೇಳಿಸಿಕೊಂಡೇ ಇರಲಿಲ್ಲ. ಕೇಳುವುದೇ ನನ್ನ ಕೆಲಸ ಎಂದುಕೊಂಡವಳಿಗೆ ಇದು ಸಣ್ಣ ವಿಷಯವಲ್ಲ. ಆದರೆ ಆ ಮಧ್ಯಾಹ್ನ ಅದಕ್ಕಾಗಿ ಕೊರಗಲು ಪುರಸೊತ್ತಾಗಲಿಲ್ಲ. ಮೊದಲ ಶನಿವಾರದ ರೆಕಾರ್ಡಿಂಗ್ ಹಾಕಿದೆ: ಹಮ್ಮಿಂಗ್ ಉಂಟು, ಸ್ವರ ಸರಿ. ಎರಡನೆಯದು: ಹಮ್ಮಿಂಗ್ ಇಲ್ಲ, ಸ್ವರ ಹೋಯಿತು. ಕಾಪು: ಜನರೇಟರು, ಸ್ವರ ಸರಿ. ಕಾರ್ಕಳ: ಕಾರ್ಪೆಟ್ಟು. ಗಿಟಾರಿನವನಿಗೆ ಫೋನ್ ಮಾಡಿ, ಪ್ರಾಕ್ಟೀಸ್ ಕೋಣೆಯಲ್ಲಿ ಯಾವ ಆಂಪ್ಲಿಫಯರ್ ಎಂದು ಕೇಳಿದೆ.

"ಅಪ್ಪನ ಕಾಲದ್ದು. ಗುಂಯ್ ಅಂತಲೇ ಇರ್ತದೆ. ಯಾಕೆ, ಕೊಂಡುಕೊಳ್ತೀರಾ?"

ನಮ್ಮ ಕರೆಂಟು ಮಿಡಿಯುವ ಲೆಕ್ಕದಲ್ಲಿ ಅದರ ಹಮ್ಮಿಂಗ್ ಹೆಚ್ಚುಕಡಿಮೆ ಗಿಟಾರಿನ 'ಜಿ' ಸ್ವರದ ಬಳಿ ಬಂದು ನಿಲ್ಲುತ್ತದೆ. ಜನರೇಟರು ಓಡುವುದೂ ಅದೇ ಲೆಕ್ಕಕ್ಕೆ. ಟವರ್ ಹಾಡನ್ನು ಅವರು ಕೂರಿಸಿಕೊಂಡಿದ್ದೂ ಜಿ ಸ್ವರಕ್ಕೆ, ಆ ಗುಂಯ್‌ಗುಡುವ ಕೋಣೆಯಲ್ಲಿ.

ಮಾರನೆಯ ಬೆಳಿಗ್ಗೆ ಹೆಜಮಾಡಿಗೆ ಹೋದೆ. ಗಾಯಕರು ಮನೆಯೆದುರಿನ ಶೆಡ್ಡಿನಲ್ಲಿ ಬಲೆಯ ಹರಿದ ಕಣ್ಣುಗಳನ್ನು ಹೆಣೆಯುತ್ತಿದ್ದರು. ನಾನು ಬಂದ ಕಾರಣ ಹೇಳಲಿಲ್ಲ. ಹಾಡು ಕಟ್ಟುವುದು ಯಾವಾಗ ಎಂದು ಕೇಳಿದೆ.

"ಚುಕ್ಕಾಣಿ ಹಿಡಿದು ಕೂತಾಗ. ಉಳಿದವರು ಮಲಗಿರ್ತಾರೆ. ಮಾತಾಡ್ಲಿಕ್ಕೆ ಯಾರೂ ಇಲ್ಲ, ಎಂಜಿನ್ ಒಂದು ಉಂಟು."

"ಎಂಜಿನ್ ಸದ್ದಿಗೆ ಹಾಡ್ಲಿಕ್ಕೆ ಕಷ್ಟ ಆಗುವುದಿಲ್ವಾ?"

"ಅದು ಕೇಳುವುದೇ ಇಲ್ಲ ಅಕ್ಕ. ನಿಂತರೆ ಕೇಳ್ತದೆ. ಎಂಜಿನ್ ನಿಂತರೆ ಮಲಗಿದವರೆಲ್ಲ ಎದ್ದು ಕೂರ್ತಾರೆ."

ಚಾ ತಂದ ಅವರ ಹೆಂಡತಿ ಮಾತಿಗೆ ಸೇರಿದರು. "ನೀವೇ ಒಮ್ಮೆ ಬುದ್ಧಿ ಹೇಳಿ ಅಕ್ಕ. ಈ ಚಳಿಯಲ್ಲಿ ಇವರಿಗೆ ಟೇಬಲ್ ಫ್ಯಾನ್ ಬೇಕು! ಗಾಳಿ ಗೋಡೆಗೆ ತಿರುಗಿಸಿ ಇಡುವುದು. ಸದ್ದು ಇಲ್ಲದಿದ್ದರೆ ಇವರಿಗೆ ನಿದ್ರೆ ಇಲ್ಲ, ಸದ್ದು ಇದ್ದರೆ ನನಗಿಲ್ಲ."

"ಇವಳಿಗೆ ಬ್ಯಾನ್ ಯಾವಾಗ ಮುಗೀತದೆ ಅಂತ ಆಗಿದೆ," ಎಂದರು ಗಾಯಕರು.

"ಮತ್ತೆಂತ? ನೀರಿಗೆ ಹೋದರೆ ಚಿಂತೆ, ಮನೆಯಲ್ಲಿದ್ದರೆ ಫ್ಯಾನು."

ಬಸ್ಸಿನಲ್ಲಿ ವಾಪಸು ಬರುವಾಗ, ಆ ಸದ್ದೇ ಅವರ ಶ್ರುತಿ ಎಂಬುದನ್ನು ಅವರಿಗೆ ಹೇಳಬೇಕೇ ಎಂದು ಬಹಳ ಯೋಚಿಸಿದೆ. ಹೇಳಿದರೆ ಅವರು ಹಮ್ಮಿಂಗಿಗೆ ಕಿವಿಗೊಡುತ್ತಾರೆ. ಕಿವಿಗೊಟ್ಟರೆ ಅದು ಅವರಿಗೆ ಕೇಳಿಸತೊಡಗುತ್ತದೆ. ತಂಬೂರಿಯ ಶ್ರುತಿಗೆ ಆದದ್ದೇ ಅದಕ್ಕೂ ಆಗುತ್ತದೆ. ಹೇಳದಿದ್ದರೆ, ಒಬ್ಬ ಮನುಷ್ಯನ ಗಂಟಲಿನ ಗುಟ್ಟನ್ನು ಅವರಿಗೇ ತಿಳಿಯದಂತೆ ನಾನು ಇಟ್ಟುಕೊಂಡ ಹಾಗಾಗುತ್ತದೆ. ಅದು ಸರಿಯೇ? ಆ ದಿನ ಹೇಳುವುದು ಬೇಡವೆಂದು ನಿರ್ಧರಿಸಿದೆ.

ಮ್ಯಾನೇಜರನ್ನು ಒಪ್ಪಿಸುವುದು ಬೇರೆ ಕಥೆ. ಬ್ಯಾನ್ ಮುಗಿಯುವ ಮುಂಚಿನ ಕೊನೆಯ ಶನಿವಾರ ಗಾಯಕರು ತಮ್ಮದೇ ಒಂದು ಹಾಡು ಹಾಡಲಿ, ಒಂದೇ ಒಂದು, ಎಂದು ಕೇಳಿಕೊಂಡೆ.

"ಮತ್ತೆ ಅದೇ ಅಪಸ್ವರವಾ? ಗಿರಾಕಿಗಳು ಎದ್ದು ಹೋದರೆ?"

"ಹೋದರೆ ಮುಂದೆ ನನ್ನನ್ನೂ ಕರೀಬೇಡಿ ಸರ್."

ಇದು ಧೈರ್ಯದ ಮಾತಿನಂತೆ ಕೇಳುತ್ತದೆ. ಆಡಿದಾಗ ನನ್ನ ಧ್ವನಿ ಹೇಗಿತ್ತೋ ನೆನಪಿಲ್ಲ. ಅವರು ಬೆರಳೊಂದನ್ನು ಎತ್ತಿ, "ಒಂದು ಹಾಡು," ಎಂದರು.

ಗಾಯಕರನ್ನು ಒಪ್ಪಿಸುವುದು ಇನ್ನೂ ಕಷ್ಟವಾಯಿತು. ಕೊನೆಗೆ ಗಿಟಾರಿನವನು ತುಳುವಿನಲ್ಲಿ ಏನೋ ಬೈದು ಒಪ್ಪಿಸಿದ.

ಆ ಶನಿವಾರ ಎಲ್ಲರಿಗಿಂತ ಮೊದಲು ಹೋದೆ. ದೊಡ್ಡ ಸ್ಪೀಕರುಗಳ ಬಾಕ್ಸನ್ನು ಮುಟ್ಟಲಿಲ್ಲ. ಗಾಯಕರ ಮಾನಿಟರಿನ ಬಾಕ್ಸಿನ ಸ್ವಿಚ್ಚನ್ನು ಮಾತ್ರ ಹಿಂದಕ್ಕೆ ಸರಿಸಿದೆ. ದುಂಬಿ ಎಚ್ಚರಾಯಿತು. ವರ್ಷಗಳಿಂದ ಯಾವುದನ್ನು ತೆಗೆಯಲು ಕಲಿತೆನೋ ಅದನ್ನೇ ಈಗ ಕೈಯಾರೆ ಹಾಕಿದ್ದೆ. ಮಾನಿಟರಿನ ಫೇಡರನ್ನು ಏರಿಸಿ ಇಳಿಸಿ, ಗಾಯಕರು ನಿಲ್ಲುವಲ್ಲಿ ನಾನೇ ಬರಿಗಾಲಲ್ಲಿ ನಿಂತು ನೋಡಿದೆ. ಹಲಗೆಯ ಮೂಲಕ ಅಂಗಾಲಿಗೆ ಸಣ್ಣಗೆ ತಾಗುವಷ್ಟಕ್ಕೆ ನಿಲ್ಲಿಸಿದೆ. ಮುಂದಿನ ಮೇಜುಗಳಿಗೆ ಸ್ವಲ್ಪ ಕೇಳುತ್ತದೆ. ಅದಕ್ಕೆ ಏನೂ ಮಾಡುವಂತಿಲ್ಲ.

ಸೌಂಡ್ ಚೆಕ್ಕಿಗೆ ಬಂದ ಗಾಯಕರು ಮೈಕಿನೆದುರು ನಿಂತದ್ದೇ ಕೆಳಗೆ ನೋಡಿದರು. "ಅಕ್ಕ, ಆ ಫ್ರಿಜ್ಜಿನ ಸದ್ದು ಪುನಃ ಬಂದಿದೆ ಅಲ್ವಾ? ನೀವು ಅಷ್ಟು ಕಷ್ಟಪಟ್ಟು ತೆಗೆದದ್ದು. ಇಲೆಕ್ಟ್ರಿಷನನ್ನು ಕರೀಲಾ?"

"ಇರಲಿ ಅಣ್ಣ. ಇವತ್ತೊಂದು ದಿನ."

ಅವರು ನನ್ನ ಮೇಲೆ ಕನಿಕರದಿಂದ ತಲೆಯಾಡಿಸಿದರು.

ಟವರ್ ಹಾಡಿನ ಸರದಿ ಬಂದಾಗ ನಾನು ಫೇಡರಿನಿಂದ ಕೈ ತೆಗೆದೆ. ಮಾಡುವುದೆಲ್ಲ ಮಾಡಿ ಆಗಿತ್ತು. ಗಾಯಕರು ಕಣ್ಣು ಮುಚ್ಚಿದರು. ಕೂಗು ಎದ್ದಿತು. ಮೊದಲ ಸಾಲು. ಎರಡನೆಯ ಸಾಲು. ಅವರ ಧ್ವನಿ ಇಳಿಯಲಿಲ್ಲ. ಗಿಟಾರಿನವನು ಉಸಿರು ಹಿಡಿದದ್ದು ಹಿಂದಿನ ಗೋಡೆಯ ತನಕ ಕಾಣುತ್ತಿತ್ತು. ಅವನ ಬೆರಳು ತಂತಿಗೆ ಬಿತ್ತು. ಸ್ವರ ಬಂದು ಸ್ವರದ ಮೇಲೆ ಕೂತಿತು, ಬೋಟು ಬಂದು ಜೆಟ್ಟಿಗೆ ತಾಗಿದ ಹಾಗೆ. ಗದಗದವನು ಒಮ್ಮೆ ನನ್ನ ಕಡೆ ನೋಡಿ, ಪೆಟ್ಟಿಗೆಯ ಮೇಲೆ ಕೈಯಿಟ್ಟ.

ಅಡುಗೆಮನೆಯ ಬಾಗಿಲು ತೆರೆದುಕೊಂಡಿತು. ಅಲ್ಲಿ ಕೆಲಸ ಮಾಡುವವರಲ್ಲಿ ಹೆಚ್ಚಿನವರು ಈ ಕರಾವಳಿಯವರು. ಅವರಲ್ಲಿ ಇಬ್ಬರು ಏಪ್ರನ್ನಿನಲ್ಲೇ ಬಂದು 'ಅರ್ಧ ಮಾತು' ಬರುವ ಸಾಲಿನ ತನಕ ನಿಂತು ಕೇಳಿದರು. ನನ್ನ ಪಕ್ಕ ಒಬ್ಬ ಹುಡುಗಿ ಬಂದಳು. ಏನು ಕೇಳುತ್ತಾಳೆಂದು ಗೊತ್ತಿದ್ದು ನಾನು ಆಗಲೇ ಬಾಗಿಲ ಕಡೆ ಕೈ ಎತ್ತಿದ್ದೆ. ಅವಳು ಬಾಯಿ ತೆರೆದವಳು ಕೇಳಲಿಲ್ಲ. ಹಾಡು ಮುಗಿಯುವ ತನಕ ವೇದಿಕೆಯ ಕಡೆ ನೋಡುತ್ತಾ ನನ್ನ ಪಕ್ಕದಲ್ಲೇ ನಿಂತಳು. ಆಮೇಲೆ, "ಇದು ಯಾವ ಭಾಷೆ?" ಎಂದು ಕೇಳಿದಳು. ಹೇಳಿದೆ.

ಚಪ್ಪಾಳೆ ಎಷ್ಟಿತ್ತೆಂದು ಬರೆಯುವುದಿಲ್ಲ. ರೆಕಾರ್ಡಿಂಗಿನಲ್ಲಿ ಅದು ನನ್ನ ನೆನಪಿನಲ್ಲಿರುವಷ್ಟು ಇಲ್ಲ. ಆದರೆ ಇನ್ನೊಂದು ಹಾಡು ಎಂದು ಯಾರೋ ಕೂಗಿದ್ದು ಅದರಲ್ಲೂ ಇದೆ, ಮ್ಯಾನೇಜರ್ ಕೌಂಟರಿನಿಂದ "ಹಾಡಿ, ಹಾಡಿ" ಎಂದದ್ದೂ ಇದೆ. ಆ ಸಂಜೆ ಅವರು ತಮ್ಮ ಸ್ವಂತ ಹಾಡುಗಳನ್ನೆಲ್ಲ ಹಾಡಿದರು.

"ಮುಂದಿನ ಶನಿವಾರವೂ ಬನ್ನಿ," ಎಂದರು ಮ್ಯಾನೇಜರ್, ಎಲ್ಲ ಮುಗಿದ ಮೇಲೆ. ನನ್ನ ಕಡೆ ತಿರುಗಿ, "ಆ ಹಮ್ಮಿಂಗ್ ಒಂದು ತೆಗೀರಿ ಮೇಡಂ. ಮುಂದಿನ ಮೇಜಿನವರು ಹೇಳಿದರು."

"ಮುಂದಿನ ಶನಿವಾರ ನಾನು ನೀರಿನ ಮೇಲೆ," ಎಂದರು ಗಾಯಕರು.

"ಹೌದಲ್ಲ, ಬ್ಯಾನ್ ಮುಗೀತು. ಬರುವ ಮಳೆಗಾಲಕ್ಕೆ?"

ಗಾಯಕರು ಗಿಟಾರಿನವನನ್ನು ನೋಡಿದರು. ಅವನು ಗಿಟಾರನ್ನು ಒರೆಸುವುದರಲ್ಲಿ ಬಹಳ ಮಗ್ನನಾದವನಂತೆ ತಲೆ ತಗ್ಗಿಸಿದ. "ನೋಡುವ," ಎಂದರು ಗಾಯಕರು. ಇಲ್ಲಿಯವರ ಬಾಯಲ್ಲಿ ಅದು ಬಹುತೇಕ ಒಪ್ಪಿಗೆಯೇ.

ಮರುವಾರದ ಶನಿವಾರ ಮಧ್ಯಾಹ್ನ ಡಿ.ಜೆ.ಗಾಗಿ ಸೌಂಡ್ ಸರಿಪಡಿಸಲು ಹೋದೆ. ಗಿಟಾರಿನವನು ಮಲ್ಲಿಗೆಯ ಗಿಡಗಳ ನಡುವೆ ಇದ್ದಿರಬೇಕು, ಗದಗದವನು ಯಾರದೋ ಹೊಸ ಮನೆಯ ನೆಲದ ಮೇಲೆ. ಖಾಲಿ ಪಬ್ಬಿನಲ್ಲಿ ಮಾನಿಟರ್ ಮೊರೆಯುತ್ತಿತ್ತು. ನಾನು ಬಾಕ್ಸಿನ ಬಳಿ ಬಗ್ಗಿದ್ದಾಗ ಫೋನ್ ಬಂತು.

"ಅಕ್ಕ, ಕೇಳ್ತದಾ?"

"ಕೇಳ್ತದೆ ಅಣ್ಣ. ಎಲ್ಲಿದ್ದೀರಿ?"

"ಕ್ಯಾಬಿನ್ನಿನ ಮೇಲೆ. ಮನೆಗೆ ಮಾಡಿ ಆಯ್ತು. ಇನ್ನೂ ಒಂದು ಕಡ್ಡಿ ಟವರ್ ಉಂಟು, ಹಾಗೆ ನಿಮಗೆ ಮಾಡಿದೆ. ಇವತ್ತು ಅಲ್ಲಿ ಯಾರು?"

"ಡಿ.ಜೆ."

"ಹೋ. ಆ ಹಮ್ಮಿಂಗ್ ಸರಿ ಆಯ್ತಾ? ನಾನು ಅವತ್ತೇ ಹೇಳಬೇಕು ಅಂತ ಇದ್ದೆ ಅಕ್ಕ, ಆ ಸದ್ದು—"

ಅಲ್ಲಿಗೆ ಟವರ್ ಮುಗಿಯಿತು.

ಅವರ ಮಾತಿನ ಕೆಳಗೆ ಎಂಜಿನ್ ಓಡುತ್ತಿತ್ತು. ಅದರ ಸ್ವರ ಈ ಮಾನಿಟರಿನ ಸ್ವರವೇ ಎಂದು ನನಗೆ ಕೇಳಿಸಿತು. ಆದರೆ ಅಷ್ಟು ಕೆಳಗಿನ ಸ್ವರವನ್ನು ಫೋನು ದಾಟಿಸುವುದೇ ಇಲ್ಲ. ಮೇಲಿನ ಚೂರುಗಳನ್ನು ಹಿಡಿದು ಕೆಳಗಿನದನ್ನು ಕಿವಿಯೇ ತುಂಬಿಕೊಳ್ಳುತ್ತದೆ. ಇದು ನನಗೆ ಪಾಠದಿಂದ ಗೊತ್ತು. ಅವರು ಏನು ಹೇಳಹೊರಟಿದ್ದರೋ ಅದು ಯಾವ ಪಾಠದಿಂದಲೂ ಗೊತ್ತಾಗುವಂಥದ್ದಲ್ಲ. ಬೋಟು ವಾಪಸು ಬರುವ ತನಕ ಊಹಿಸಬೇಕು.

ಫೋನನ್ನು ಜೇಬಿಗಿಟ್ಟು ಸ್ವಿಚ್ ಒತ್ತಿದೆ. ಸದ್ದು ನಿಂತಿತು. ನಾನು ಎದ್ದು ನಿಂತೆ.

"ಈಗ ಕ್ಲೀನ್ ಆಯ್ತಲ್ಲ," ಎಂದರು ಮ್ಯಾನೇಜರ್, ಕೌಂಟರಿನ ಹಿಂದಿನಿಂದ. "ಅವತ್ತೇ ಮಾಡಬಹುದಿತ್ತು ಅಲ್ವಾ ಮೇಡಂ?"

"ಮಾಡಬಹುದಿತ್ತು," ಎಂದೆ.